ರಾಯದುರ್ಗದ ಜೀನ್ಸು, ಶೇಂಗಾದ ಜೀನು

ರಾಯದುರ್ಗದಲ್ಲಿ ‘ಜೀನ್’ ಅಂದರೆ ಮೊದಲು ನೆನಪಾಗುವುದು ಪ್ಯಾಂಟು. ಓಣಿಗೆ ಕಾಲಿಟ್ಟರೆ ಹೊಲಿಗೆ ಮಿಷನ್ನಿನ ಸದ್ದು. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ಜಿಪ್ಪು, ಕಾಜಾ, ಗುಂಡಿ. ಆಮೇಲೆ ವಾಷಿಂಗು, ಇಸ್ತ್ರಿ, ಲೇಬಲ್ಲು. ಅಂಗಡಿಯಲ್ಲಿ ತೂಗುಹಾಕಿದ ಪ್ಯಾಂಟು ತೋರಿಸಿ ‘ಇದನ್ನು ಮಾಡಿದವರು ಯಾರು?’ ಎಂದು ಕೇಳಿದರೆ ಊರವರು ನಕ್ಕುಬಿಡುತ್ತಾರೆ. ಹತ್ತಾರು ಕೈ ದಾಟಿ ಬಂದ ಬಟ್ಟೆಗೆ ಒಬ್ಬನ ಹೆಸರು ಹೇಳುವುದು ಹೇಗೆ?

ಇನ್ನೊಂದು ಜೀನಿನ ಮಾತು ಬಂದಾಗ ಈ ತಿಳಿವಳಿಕೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ‘ಬರ ತಡೆಯೋ ಜೀನ್ ಸಿಕ್ಕಿದೆಯಂತೆ, ಇನ್ನೇನು ಅದನ್ನ ಶೇಂಗಾಕ್ಕೆ ಸೇರಿಸಿದರೆ ಆಯ್ತು’ ಎನ್ನುವುದು ಈ ಭಾಗದಲ್ಲಿ ಬೀಜದಂಗಡಿಯ ಕಟ್ಟೆಯಿಂದ ಕೃಷಿ ಮೇಳದ ವೇದಿಕೆಯವರೆಗೆ ಓಡಾಡುವ ಮಾತು. ಕೇಳಲು ಹಿತವಾಗಿದೆ, ಆದರೆ ಅದು ತಪ್ಪು. ಇನ್ನೂ ಪೂರ್ತಿ ಸಾಬೀತಾಗಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಿರುವ ಮಾತಲ್ಲ ಇದು. ಜೀನುಗಳನ್ನು ಹುಡುಕುವ ಅಂಕಿಶಾಸ್ತ್ರವೇ ಲೆಕ್ಕ ಹಾಕಿ ‘ಅಂಥದ್ದಿಲ್ಲ’ ಎಂದು ಹೇಳಿ ಹದಿನೈದು ವರ್ಷ ದಾಟಿತು. ಆ ಉತ್ತರ ಇಷ್ಟವಾಗದವರು ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ.

ಈ ಮಾತಿಗೆ ಇಲ್ಲಿ ಇಷ್ಟು ಗಿರಾಕಿ ಯಾಕೆ ಎಂದು ತಿಳಿಯಲು ನೆಲ ನೋಡಬೇಕು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರ್ ಆಸುಪಾಸು. ಮುಂಗಾರಿಗೆ ಪಶ್ಚಿಮ ಘಟ್ಟ ಅಡ್ಡ. ಹಿಂಗಾರಿಗೆ ಪೂರ್ವದ ಕಡಲು ದೂರ. ಹಗರಿ ದಂಡೆಯ ಕಣೇಕಲ್, ಬೊಮ್ಮನಹಾಳ್ ಕಡೆ ಹೋದರೆ ಹೊಲದ ಬದುವಿನಾಚೆಗೆ ಮರಳ ದಿಬ್ಬಗಳೇ ಕಾಣುತ್ತವೆ. ದರ್ಗಾ ಹೊನ್ನೂರಿನ ಮಂದಿಗೆ ಮರುಭೂಮಿ ಎಂದರೆ ರಾಜಸ್ಥಾನದ ಫೋಟೊ ತೋರಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅಂದು ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರಕ್ಕೆ. ಅದೇ ಹಳೆಯ ಅನಂತಪುರ ಜಿಲ್ಲೆಯ ಮಡಕಶಿರಾದ ಕಥೆ ಬೇರೆ: ಅದರ ಒಂದು ಮಗ್ಗುಲಿಗೆ ಶಿರಾ, ಇನ್ನೊಂದಕ್ಕೆ ಪಾವಗಡ, 2022ರ ಏಪ್ರಿಲ್‌ನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲು. ರಾಯದುರ್ಗದ ಕಡೆ ಶೇಂಗಾ, ಮಡಕಶಿರಾದ ಕಡೆ ಕಡ್ಲೆಕಾಯಿ. ಹೆಸರು ಎರಡಾದರೂ ಸಾಲ ಒಂದೇ. ಒಂದು ಕಾಲಕ್ಕೆ ಹಳೆಯ ಅನಂತಪುರ ಜಿಲ್ಲೆಯಲ್ಲಿ ಏಳೆಂಟು ಲಕ್ಷ ಹೆಕ್ಟೇರಿನಲ್ಲಿ ಬಿತ್ತುತ್ತಿದ್ದ ಬೆಳೆ ಅದು. ಇಷ್ಟು ನೆಲದ ಮಂದಿ ಮೋಡ ನೋಡಿ ಬದುಕುವಾಗ ‘ಒಂದು ಜೀನ್ ಸಾಕು’ ಎಂಬ ಮಾತು ದೇವರ ಪ್ರಸಾದದಂತೆ ಕೇಳಿಸದೆ ಇರುತ್ತದೆಯೇ?

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ನಿಜ. ಅದಕ್ಕೊಂದು ಗೆಲುವಿನ ಹಿನ್ನೆಲೆಯಿದೆ, ಆ ಗೆಲುವಿನ ತವರು ಧಾರವಾಡ.

ಶೇಂಗಾ ಎಲೆಯ ಅಡಿಯಲ್ಲಿ ಕುಂಕುಮದಂಥ ಪುಡಿ ಹಿಡಿಸುವ ತುಕ್ಕು ರೋಗ, ಎಲೆಗೆ ಕಪ್ಪು ಬೊಟ್ಟು ಇಟ್ಟು ಉದುರಿಸುವ ಟಿಕ್ಕಾ ರೋಗ: ಇವೆರಡನ್ನೂ ತಾಳಿಕೊಳ್ಳುವ ಜಿಪಿಬಿಡಿ 4 ಎಂಬ ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬೆಳೆಸಿತು. ಅದರ ವಂಶಾವಳಿಯಲ್ಲಿ ಒಂದು ಕಾಡು ಶೇಂಗಾ ಇದೆ. ಬೊಲಿವಿಯಾ ಕಡೆಯ ಅರಾಕಿಸ್ ಕಾರ್ಡೆನಾಸಿ. ರೋಗ ತಾಳುವ ಗುಣ ಬಂದದ್ದು ಅಲ್ಲಿಂದ. ಈ ಜಿಪಿಬಿಡಿ 4ನ್ನು, ತುಕ್ಕಿಗೆ ಸುಲಭವಾಗಿ ಬಲಿಯಾಗುವ ಟ್ರಾಂಬೆಯಲ್ಲಿ ಬೆಳೆಸಿದ ಟಿಎಜಿ 24 ತಳಿಯ ಜೊತೆ ಸಂಕರ ಮಾಡಿದರು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಂದು ತಲೆಮಾರು ದಾಟಿಸಿ 268 ಸಾಲುಗಳನ್ನು ಕಟ್ಟಿದರು. ಪ್ರತಿ ಸಾಲಿನಲ್ಲೂ ಎರಡು ಅಜ್ಜಂದಿರ ವರ್ಣತಂತುಗಳು ಬೇರೆ ಬೇರೆ ರೀತಿ ಕಲಸಿಹೋಗಿರುತ್ತವೆ, ಇಸ್ಪೀಟಿನ ಎರಡು ಕಟ್ಟು ಬೆರೆಸಿ ಹಂಚಿದ ಹಾಗೆ. ಇನ್ನು ಲೆಕ್ಕ ಸರಳ. ವರ್ಣತಂತುವಿನ ಈ ಜಾಗದಲ್ಲಿ ಧಾರವಾಡದ ತುಂಡು ಇರುವ ಸಾಲುಗಳಿಗೆ ತುಕ್ಕು ಎಷ್ಟು ಹಿಡಿಯಿತು? ಟ್ರಾಂಬೆಯ ತುಂಡು ಇರುವ ಸಾಲುಗಳಿಗೆ ಎಷ್ಟು? ವ್ಯತ್ಯಾಸ ಬರೀ ಅದೃಷ್ಟದಿಂದ ಬಂದಿರಬಹುದೇ? ಹೀಗೆ ಒಂದೊಂದು ಜಾಗವನ್ನೂ ಕೇಳುತ್ತ ಹೋಗುವುದು. ಈ ಲೆಕ್ಕಕ್ಕೆ ಗಟ್ಟಿ ಗಣಿತದ ರೂಪ ಕೊಟ್ಟವರು 1989ರಲ್ಲಿ ಎರಿಕ್ ಲ್ಯಾಂಡರ್ ಮತ್ತು ಡೇವಿಡ್ ಬಾಟ್‌ಸ್ಟೈನ್.

2010ರಲ್ಲಿ ಪ್ರಕಟವಾದ ಫಲಿತಾಂಶ ಜೋರಾಗಿತ್ತು. ಸಾಲಿನಿಂದ ಸಾಲಿಗೆ ತುಕ್ಕಿನಲ್ಲಿ ಕಂಡ ಏರುಪೇರಿನಲ್ಲಿ ಶೇ. 55ರಷ್ಟಕ್ಕೆ ಒಂದೇ ಜಾಗ ಕಾರಣ. ಎರಡು ವರ್ಷ ಬಿಟ್ಟು, ವರ್ಣತಂತುಗಳ ಇನ್ನೂ ದಟ್ಟ ನಕ್ಷೆಯಲ್ಲಿ ಅದು ಶೇ. 82ನ್ನೂ ದಾಟಿತು. ಆ ತುಂಡನ್ನು ಗುರುತು ಹಿಡಿದು ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಟಿಎಜಿ 24, ಜೆಎಲ್ 24, ಐಸಿಜಿವಿ 91114 ತಳಿಗಳಿಗೆ ಸಾಗಿಸಿದರು; ಧಾರವಾಡದವರು ಅನಂತಪುರದ ರೈತ ದಶಕಗಳ ಕಾಲ ಬಿಡದೆ ಬಿತ್ತಿದ ಹಳೆಯ ಟಿಎಂವಿ 2ಕ್ಕೂ ಸೇರಿಸಿದರು. ಇದು ನಿಜವಾದ ಗೆಲುವು. ಇದನ್ನು ಅಲ್ಲಗಳೆಯುವವರಿಗೆ ವಿಜ್ಞಾನವೂ ಗೊತ್ತಿಲ್ಲ, ಶೇಂಗಾವೂ ಗೊತ್ತಿಲ್ಲ.

ತುಕ್ಕಿನಲ್ಲಿ ಗೆದ್ದ ಆಟವನ್ನು ಬರದಲ್ಲೂ ಗೆಲ್ಲಬಹುದು ಎಂದುಕೊಂಡಲ್ಲಿ ಎಡವಟ್ಟಾಯಿತು.

ಹಾಗೆಂದು ಯಾರೂ ಪ್ರಯತ್ನ ಮಾಡದೆ ಬಿಡಲಿಲ್ಲ. ಅದೇ ಟಿಎಜಿ 24ನ್ನು ಐಸಿಜಿವಿ 86031 ತಳಿಯ ಜೊತೆ ಸಂಕರ ಮಾಡಿ, ಅದೇ ವಿಧಾನದಲ್ಲಿ, 135 ಡಿಎನ್‌ಎ ಗುರುತುಗಳ ನಕ್ಷೆ ಬಿಡಿಸಿ, ಗಿಡ ಎಷ್ಟು ನೀರಿಗೆ ಎಷ್ಟು ಬೆಳೆಯಿತು, ಎಲೆ ಎಷ್ಟು ದಪ್ಪ, ಎಷ್ಟು ಹಸಿರು ಎಂದು ಅಳೆದರು. 2009ರಲ್ಲಿ ಉತ್ತರ ಬಂತು. ಒಂದೊಂದು ಗುಣಕ್ಕೆ ಎರಡರಿಂದ ಐದು ಜಾಗ. ಒಂದೊಂದು ಜಾಗದ ಪಾಲು ಶೇ. 3.5ರಿಂದ ಹೆಚ್ಚೆಂದರೆ 14.1. ಮುಂದಿನ ಅಧ್ಯಯನಗಳಲ್ಲಿ ನಕ್ಷೆ ದಟ್ಟವಾಯಿತು, ಸಂಕರಗಳು ಹೆಚ್ಚಾದವು, ಸಣ್ಣ ಸಣ್ಣ ಜಾಗಗಳ ಪಟ್ಟಿ ನೂರು ದಾಟಿತು. ಒಂದರ ಪರಿಣಾಮ ಇನ್ನೊಂದರ ಮೇಲೆ ನಿಂತಿರುವ ಜೋಡಿಗಳೂ ರಾಶಿ ರಾಶಿ ಸಿಕ್ಕವು. ತುಕ್ಕಿಗೆ ಸಿಕ್ಕಂಥ ದೊಡ್ಡ ಯಜಮಾನ ಒಬ್ಬನೂ ಸಿಗಲಿಲ್ಲ.

ಸಿಗಬೇಕಾದರೂ ಯಾಕೆ? ತುಕ್ಕು ಒಂದು ಶಿಲೀಂಧ್ರ. ಅದು ಎಲೆಯೊಳಗೆ ಹೊಗಬೇಕಾದರೆ ಒಂದು ಬಾಗಿಲು; ಕಾಡಿನಿಂದ ಬಂದ ತುಂಡು ಆ ಬಾಗಿಲಿಗೆ ಬೀಗ ಹಾಕಿತು. ಬರ ಎಲ್ಲಿಂದ ಒಳಗೆ ಬರುತ್ತದೆ?

ರೈತನನ್ನು ಕೇಳಿದರೆ ಅವನು ‘ಬರ’ ಎಂಬ ಒಂದು ಪದದಲ್ಲಿ ಮಾತು ಮುಗಿಸುವುದಿಲ್ಲ. ಆರಿದ್ರ ಹದಕ್ಕೆ ಬಿತ್ತಿದ್ದು, ಪುನರ್ವಸು ಕೈಕೊಟ್ಟಿದ್ದು, ಮಖೆ ಬಂದಿದ್ದು, ಹುಬ್ಬೆ ಹೋಗಿದ್ದು ಎಂದು ಮಳೆ ಮಳೆಗೂ ಲೆಕ್ಕ ಹೇಳುತ್ತಾನೆ. ಬಿತ್ತಿದ ಇಪ್ಪತ್ತು ದಿನಕ್ಕೆ ಮಳೆ ನಿಂತರೆ ಶೇಂಗಾ ಬಾಡಿ ಮಲಗುತ್ತದೆ, ಒಂದು ಹದ ಬಿದ್ದರೆ ಮತ್ತೆ ಎದ್ದು ಕೂರುತ್ತದೆ. ಆ ಸಣ್ಣ ಬರ ಕೆಲವೊಮ್ಮೆ ಒಳ್ಳೆಯದೇ, ಬೇರು ಆಳಕ್ಕೆ ಇಳಿಯುತ್ತದೆ. ಆಗಸ್ಟಿನ ಮಾತೇ ಬೇರೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣು ಹೊಗಬೇಕು, ಅಲ್ಲೇ ಕಾಯಿ ಕಟ್ಟುವುದು. ಕೆಂಪು ಮಸಾರಿ ನೆಲ ಆ ಹೊತ್ತಿಗೆ ಒಣಗಿ ಗಾರೆಯಂತೆ ಗಟ್ಟಿಯಾಗಿದ್ದರೆ ಸೂಜಿಯ ಮೊನೆ ನೆಲಕ್ಕೆ ತಾಗಿ ಬಾಗುತ್ತದೆ, ಎರಡು ದಿನದಲ್ಲಿ ಕರ್ರಗಾಗಿ ಮುರುಟುತ್ತದೆ. ಗಿಡ ಮೇಲೆ ನೋಡಲು ಹಸಿರಾಗಿಯೇ ಇರುತ್ತದೆ. ಅಕ್ಟೋಬರಿನಲ್ಲಿ ಕಿತ್ತರೆ ಬರೀ ಹೊಟ್ಟು. ಇನ್ನು ಕಾಯಿ ಬಲಿಯುವ ಉತ್ತರೆಯಲ್ಲಿ ಮಳೆ ತಪ್ಪಿದರೆ ಕಾಯಿ ಉಂಟು, ಒಳಗೆ ಬೀಜ ಸೊರಗಿದ್ದು. ಮೂರೂ ‘ಬರ’. ಒಂದರಲ್ಲಿ ಆಳದ ಬೇರು ಬೇಕು, ಒಂದರಲ್ಲಿ ಬೇಗ ಹೂಬಿಟ್ಟು ಮುಗಿಸುವ ಆತುರ ಬೇಕು, ಇನ್ನೊಂದರಲ್ಲಿ ಎಲೆಯ ರಂಧ್ರ ಮುಚ್ಚಿ ಕಾಯುವ ತಾಳ್ಮೆ ಬೇಕು. ಆತುರವೂ ತಾಳ್ಮೆಯೂ ಒಂದೇ ಜೀನಿನಲ್ಲಿ ಸಿಗಲಿ ಎನ್ನುವುದು ಬೇಡಿಕೆಯೇ ಹೊರತು ವಿಜ್ಞಾನವಲ್ಲ.

ಇನ್ನೊಂದು ಕಾರಣವೂ ಇದೆ. ಬೆಳೆಸುವ ಶೇಂಗಾ ಎರಡು ಕಾಡು ಜಾತಿಗಳ ಅಪರೂಪದ ಕೂಡಿಕೆಯಿಂದ ಹುಟ್ಟಿದ್ದು. ನಾಲ್ಕು ಪಟ್ಟಿನ ವರ್ಣತಂತುಗಳ ಗಿಡ, ಒಟ್ಟು ನಲವತ್ತು. ಅದರ ಪೂರ್ತಿ ಜೀನೋಮ್ ಓದಿ ಮುಗಿಸಿದ್ದು 2019ರಲ್ಲಿ. ಲೋಕದ ಎಲ್ಲ ಶೇಂಗಾವೂ ಹೆಚ್ಚುಕಡಿಮೆ ಒಂದೇ ಮನೆತನ, ಒಳಗೆ ವೈವಿಧ್ಯ ಕಡಿಮೆ. ತುಕ್ಕಿನ ತುಂಡು ಹೊರಗಿನ ಕಾಡಿನಿಂದ ಬಂದದ್ದಕ್ಕೇ ಅಷ್ಟು ಎದ್ದು ಕಂಡಿತು. ಬರ ಹಾಗಲ್ಲ, ಸಾವಿರಾರು ವರ್ಷ ಪ್ರತಿ ತಲೆಮಾರೂ ಎದುರಿಸಿದ ಕಷ್ಟ ಅದು. ಒಂದೇ ಏಟಿಗೆ ಬರ ಗೆಲ್ಲಿಸುವ ಜೀನ್ ಇದ್ದಿದ್ದರೆ ಅದು ಎಂದೋ ಎಲ್ಲ ಗಿಡಗಳಿಗೂ ಹಬ್ಬಿ, ಹುಡುಕಲು ವ್ಯತ್ಯಾಸವೇ ಉಳಿಯುತ್ತಿರಲಿಲ್ಲ.

‘ಆದರೂ ಶೇ. 14 ಅಂದರೆ ಕಡಿಮೆಯೇನಲ್ಲವಲ್ಲ’ ಎನ್ನುವವರಿದ್ದಾರೆ. ಅವರಿಗೆ ಬೋರ್‌ವೆಲ್ಲಿನ ಲೆಕ್ಕ ಹೇಳಬೇಕು. ಈ ಸೀಮೆಯಲ್ಲಿ ನೀರು ಬಿದ್ದ ಬೋರಿನ ಸುದ್ದಿ ಹತ್ತು ಹಳ್ಳಿಗೆ ಮುಟ್ಟುತ್ತದೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವನಿಗೆ ಹೆಸರೂ ಬರುತ್ತದೆ. ಬರೀ ಧೂಳು ಕಾರಿದ ಬೋರುಗಳ ಲೆಕ್ಕ ಸಾಲದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಜೀನ್ ಹುಡುಕಾಟದಲ್ಲೂ ಹೀಗೇ. ನೂರಾರು ಜಾಗ ತಪಾಸಣೆ ಮಾಡಿ, ಅಂಕಿಶಾಸ್ತ್ರ ಎಳೆದ ಗೆರೆ ದಾಟಿದವನ್ನು ಮಾತ್ರ ಪ್ರಕಟಿಸುತ್ತಾರೆ. ಗೆರೆ ದಾಟಿದ್ದರಲ್ಲಿ ನಿಜವಾದ ಬಲವೂ ಇರುತ್ತದೆ, ಆ ವರ್ಷದ ಅದೃಷ್ಟವೂ ಸೇರಿರುತ್ತದೆ. ಅದೃಷ್ಟ ಕೈಹಿಡಿದವೇ ಹೆಚ್ಚಾಗಿ ಗೆರೆ ದಾಟುವುದು. ಅದಕ್ಕೇ ಪ್ರಕಟವಾದ ಅಂಕಿ ನಿಜಕ್ಕಿಂತ ದೊಡ್ಡದು. ಅಮೆರಿಕದ ವಿಲಿಯಂ ಬೀವಿಸ್ 1990ರ ದಶಕದಲ್ಲೇ ಕಂಪ್ಯೂಟರಿನಲ್ಲಿ ಸಂಕರಗಳನ್ನು ಹುಟ್ಟಿಸಿ ಇದನ್ನು ತೋರಿಸಿದ: ನೂರು ಸಾಲುಗಳ ಪ್ರಯೋಗದಲ್ಲಿ ಜೀನಿನ ಬಲ ಹಲವು ಪಟ್ಟು ಉಬ್ಬಿ ಕಾಣುತ್ತದೆ, ಸಾವಿರ ಸಾಲಿಗೆ ಹೋದರೆ ನಿಜದ ಹತ್ತಿರ ಬರುತ್ತದೆ. ಶೇಂಗಾದ ಸಂಕರಗಳು ಸಾಮಾನ್ಯವಾಗಿ ನೂರೈವತ್ತು, ಇನ್ನೂರೈವತ್ತು, ಮುನ್ನೂರು. ಆ 14.1ರಲ್ಲಿ ಉಬ್ಬರ ಕಳೆದರೆ ಕೈಗೆ ಎಷ್ಟು ದಕ್ಕುತ್ತದೆ ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ.

ಆ ಶೇಕಡಾವಾರು ಅಂಕಿಯೂ ಜೀನಿನ ಆಸ್ತಿಯಲ್ಲ. ಅದು ಆ ಹೊಲದ, ಆ ವರ್ಷದ, ಆ ಸಾಲುಗಳ ಅಂಕಿ. ಒಂದೇ ಚೀಲದ ಬೀಜವನ್ನು ಸಂಶೋಧನಾ ಕೇಂದ್ರದ ಮಟ್ಟಸ ಮಡಿಯಲ್ಲಿ, ಸಮ ನೀರು ಸಮ ಗೊಬ್ಬರ ಕೊಟ್ಟು ಬೆಳೆಸಿದರೆ ಹೊರಗಿನ ಏರುಪೇರು ಇರುವುದೇ ಇಲ್ಲ. ಉಳಿದ ಅಷ್ಟಿಷ್ಟು ವ್ಯತ್ಯಾಸವೆಲ್ಲ ಜೀನಿನ ಖಾತೆಗೆ ಜಮೆಯಾಗುತ್ತದೆ. ಅದೇ ಬೀಜವನ್ನು ಗುಮ್ಮಘಟ್ಟದ ಇಳಿಜಾರಿನ ಹೊಲಕ್ಕೆ ತಂದರೆ ಮೇಲಿನ ತುದಿಯಲ್ಲಿ ಗರಸು, ಕೆಳಗಿನ ಮೂಲೆಯಲ್ಲಿ ಹೂಳು ಮಣ್ಣು. ಬದುವಿನ ಹತ್ತಿರದ ಗಿಡ ಮೊಳಕಾಲುದ್ದ, ಮೇಲಿನದು ಗೇಣುದ್ದ. ಇಲ್ಲಿ ಅದೇ ಜೀನಿನ ಪಾಲು ಶೇ. 2ಕ್ಕೂ ಇಳಿಯಬಹುದು. ಜೀನ್ ಬದಲಾಗಲಿಲ್ಲ, ನೆಲ ಬದಲಾಯಿತು. ಅನುವಂಶೀಯತೆಯ ಅಂಕಿಯನ್ನು ಎತ್ತಿ ಹಿಡಿದು ‘ಇದು ಗಿಡದ ಗುಣ’ ಎನ್ನುವವರು, ರಾಯದುರ್ಗದ ಪೇಟೆ ದರವನ್ನು ಎತ್ತಿ ಹಿಡಿದು ‘ಇದು ಶೇಂಗಾದ ಗುಣ’ ಎಂದ ಹಾಗೆ.

ಗಿಡದ ಮಾತು ಬಿಟ್ಟು ಮನುಷ್ಯನಿಗೆ ಬಂದರೆ ಇದೇ ರೋಗ ಇನ್ನೂ ಜೋರು. ‘ಶುಗರ್ ನಮ್ಮ ವಂಶದ್ದು’, ‘ಹಾರ್ಟು ನಮ್ಮ ಜೀನಲ್ಲೇ ಇದೆ’ ಎನ್ನುವುದು ಈಗ ಹಣೆಬರಹಕ್ಕೆ ಬಂದಿರುವ ಹೊಸ ಹೆಸರು.

ಇಲ್ಲೂ ಒಂದು ತುಕ್ಕಿನ ಕಥೆಯಿದೆ, ಅದನ್ನು ಮೊದಲು ಒಪ್ಪಿಕೊಂಡುಬಿಡಬೇಕು. ಆಂಧ್ರ, ಕರ್ನಾಟಕದ ಆರ್ಯವೈಶ್ಯ ಸಮುದಾಯದಲ್ಲಿ ಒಂದು ಕಿಣ್ವದ ಕೊರತೆ ಬೇರೆಡೆಗಿಂತ ಬಹಳ ಹೆಚ್ಚು. ಬ್ಯುಟಿರಿಲ್‌ಕೋಲಿನೆಸ್ಟರೇಸ್ ಅದರ ಹೆಸರು. ಕೊರತೆ ಇದ್ದವರಿಗೆ ದಿನನಿತ್ಯ ಏನೂ ತೊಂದರೆಯಿಲ್ಲ. ಆಪರೇಷನ್ ಟೇಬಲ್ ಮೇಲೆ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಮಾತ್ರ, ಕೆಲ ನಿಮಿಷದಲ್ಲಿ ಮರಳಬೇಕಾದ ಉಸಿರು ಗಂಟೆಗಟ್ಟಲೆ ಮರಳುವುದಿಲ್ಲ. ಅದಕ್ಕೇ ಅರಿವಳಿಕೆ ವೈದ್ಯರು ಮೊದಲೇ ಎಚ್ಚರ ವಹಿಸುತ್ತಾರೆ. ನೂರು ತಲೆಮಾರಿನ ಒಳಮದುವೆಯಿಂದ ಒಂದು ಜೀನಿನ ಒಂದು ರೂಪ ಒಂದು ಸಮುದಾಯದಲ್ಲಿ ದಟ್ಟವಾದ ಉದಾಹರಣೆ ಇದು. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದ 2017ರ ಅಧ್ಯಯನವೊಂದು ಇಂಥ ಬಿಗಿ ಒಳಬಳಗ 81 ಸಮುದಾಯಗಳಲ್ಲಿ ಇದೆ ಎಂದು ಕಂಡಿತು. ಒಂದೇ ಜೀನಿನ ಕಾಯಿಲೆಗಳನ್ನು ಇಲ್ಲಿ ಹುಡುಕಬೇಕು, ತಪ್ಪದೆ ಹುಡುಕಬೇಕು.

ಶುಗರ್ ಆ ಬಗೆಯ ಕಾಯಿಲೆಯಲ್ಲ, ಎತ್ತರವೂ ಆ ಬಗೆಯ ಗುಣವಲ್ಲ. ರೊನಾಲ್ಡ್ ಫಿಶರ್ 1918ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ: ಎತ್ತರದಂಥ ಗುಣ ಅನೇಕಾನೇಕ ಸಣ್ಣ ಅಂಶಗಳ ಮೊತ್ತವಾದರೆ ಸಾಕು, ಬಂಧುಬಳಗದಲ್ಲಿ ಕಾಣುವ ಹೋಲಿಕೆಯೆಲ್ಲ ತಾನೇ ಬರುತ್ತದೆ. ನೂರಾ ನಾಲ್ಕು ವರ್ಷದ ನಂತರ, 2022ರಲ್ಲಿ, 54 ಲಕ್ಷ ಜನರ ಡಿಎನ್‌ಎ ಸೇರಿಸಿ ಎತ್ತರದ ಜೀನ್ ಹುಡುಕಿದರು. ಸಿಕ್ಕಿದ್ದು 12,111 ಗುರುತುಗಳು. ಒಂದಲ್ಲ, ನೂರಲ್ಲ. ಹನ್ನೆರಡು ಸಾವಿರ ಕೈ ದಾಟಿ ಬಂದ ಪ್ಯಾಂಟು!

ಇನ್ನೊಂದು ಬಲೆ ಇನ್ನೂ ಸೂಕ್ಷ್ಮ. ಅದನ್ನು ರಾಯದುರ್ಗದಲ್ಲೇ ಕೂತು ನೋಡಬಹುದು. ಇಲ್ಲಿಂದ ಕನ್ನಡ ಮನೆಮಾತಿನ ಐನೂರು ಮಂದಿಯ ರಕ್ತ, ಅನಂತಪುರದ ಪೂರ್ವಕ್ಕೆ ಹೋಗಿ ತೆಲುಗು ಮನೆಮಾತಿನ ಐನೂರು ಮಂದಿಯ ರಕ್ತ ತೆಗೆದುಕೊಳ್ಳಿ. ಎರಡು ಗುಂಪಿನಲ್ಲೂ ಸಮುದಾಯಗಳ ಪ್ರಮಾಣ ಒಂದೇ ಇರುವುದಿಲ್ಲ. ಒಂದು ಕಡೆ ಲಿಂಗಾಯತರು ಹೆಚ್ಚಿರಬಹುದು, ಇನ್ನೊಂದು ಕಡೆ ರೆಡ್ಡಿಗಳು. ಪ್ರತಿ ಸಮುದಾಯವೂ ತನ್ನೊಳಗೇ ಮದುವೆಯಾಗುತ್ತ ಬಂದಿದ್ದರಿಂದ ಲಕ್ಷಾಂತರ ಗುರುತುಗಳಲ್ಲಿ ಸಾವಿರಾರು ಗುರುತುಗಳ ಪ್ರಮಾಣ ಬೇರೆ ಬೇರೆ ಇದ್ದೇ ಇರುತ್ತದೆ. ಕಂಪ್ಯೂಟರಿಗೆ ಕೊಟ್ಟರೆ, ಎರಡು ಕೋಟಿಯಲ್ಲಿ ಒಂದರ ಆಕಸ್ಮಿಕಕ್ಕೂ ಅವಕಾಶ ಕೊಡದ ಕಟ್ಟುನಿಟ್ಟಿನ ಗೆರೆಯನ್ನೂ ದಾಟಿ ‘ಕನ್ನಡ ಮಾತಾಡುವ ಜೀನ್’ ಹೊರಗೆ ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆ ಜೀನ್ 1953ರ ಅಕ್ಟೋಬರ್ 1ರ ರಾತ್ರಿ ಏನು ಮಾಡಿತು, ಬಳ್ಳಾರಿಗೆ ಹೋಯಿತೋ ಇಲ್ಲೇ ಉಳಿಯಿತೋ ಎಂದು ಕೇಳಿದರೆ ಮಾತ್ರ ನಗು ಬರುತ್ತದೆ.

ನಗು ಬರದ ಉದಾಹರಣೆಯೂ ಉಂಟು. ಅಮೆರಿಕದ ಅರಿಜೋನಾದಲ್ಲಿ ಪಿಮಾ ಮತ್ತು ಪಾಪಾಗೊ ಮೂಲನಿವಾಸಿಗಳ 4,920 ಜನರನ್ನು ಪರೀಕ್ಷಿಸಿದ ಅಧ್ಯಯನ 1988ರಲ್ಲಿ ಬಂತು. ರಕ್ತದ ಒಂದು ಪ್ರತಿಕಾಯ ಗುರುತು ಇದ್ದವರಲ್ಲಿ ಮಧುಮೇಹ ಶೇ. 8, ಇಲ್ಲದವರಲ್ಲಿ ಶೇ. 29. ಸಕ್ಕರೆ ಕಾಯಿಲೆಯಿಂದ ಕಾಪಾಡುವ ಜೀನ್ ಸಿಕ್ಕಿತು ಎಂದು ಹಬ್ಬ ಮಾಡಲು ಇಷ್ಟು ಸಾಕಿತ್ತು. ಅಧ್ಯಯನ ಮಾಡಿದವರು ಹಾಗೆ ಮಾಡಲಿಲ್ಲ. ಆ ಗುರುತು ಬಂದದ್ದು ಯುರೋಪಿನ ಬಿಳಿಯರಿಂದ. ಗುರುತು ಇದ್ದವರೆಂದರೆ ಬಿಳಿಯರ ರಕ್ತ ಬೆರೆತವರು. ಬೆರಕೆಯ ಪ್ರಮಾಣ ಒಂದೇ ಇರುವವರನ್ನು ಒಟ್ಟಿಗಿಟ್ಟು ನೋಡಿದಾಗ ಸಂಬಂಧ ಆವಿಯಾಗಿಹೋಯಿತು. ಈಗ ಜನಸಂಖ್ಯೆಯ ಒಳರಚನೆಯನ್ನು ಕಳೆಯದೆ ಯಾರೂ ಗಂಭೀರವಾಗಿ ಜೀನ್ ಹುಡುಕುವುದಿಲ್ಲ. ಒಳರಚನೆ ಅತಿ ಬಿಗಿಯಾದ ನಮ್ಮಲ್ಲಂತೂ ಅದನ್ನು ಕಳೆಯುವುದೇ ಅರ್ಧ ಕೆಲಸ. ಶೇಂಗಾಕ್ಕೂ ಇದು ಅನ್ವಯ. 48 ದೇಶಗಳ 300 ತಳಿಗಳಲ್ಲಿ 50 ಗುಣಗಳಿಗೆ ಜೀನ್ ಹುಡುಕಿದ ಅಧ್ಯಯನ 2014ರಲ್ಲಿ ಬಂದಿದೆ. ಅಂಥ ಸಂಗ್ರಹದಲ್ಲಿ ಗೊಂಚಲು ಶೇಂಗಾ ಒಂದು ಬಳಗ, ಬಳ್ಳಿ ಶೇಂಗಾ ಇನ್ನೊಂದು. ಗೊಂಚಲು ಬೇಗ ಮಾಗುತ್ತದೆ, ಬಳ್ಳಿ ತಡ. ಕೊನೆಯ ಮಳೆ ತಪ್ಪಿದ ವರ್ಷ ಅಳೆದು, ಈ ಬಳಗಗಳನ್ನು ಬೇರ್ಪಡಿಸದೆ ಹೋದರೆ, ಗೊಂಚಲಿನ ಜಾತಿ ಗುರುತೆಲ್ಲ ‘ಬರ ತಡೆಯುವ ಜೀನ್’ ಎಂದು ಹೆಸರಿಟ್ಟುಕೊಂಡು ಬರುತ್ತದೆ.

ಜೀನಿಗೆ ಹೊರಿಸಿದ ಎಷ್ಟೋ ಭಾರ ಬೇರೆಯವರದ್ದು ಎಂದು ತೋರಿಸಿದ ಕೆಲಸ ಕನ್ನಡ ನೆಲದಲ್ಲೇ ಆಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟ ಹಳೆಯ ದಾಖಲೆಗಳು ಉಳಿದಿದ್ದವು. ಆ ಕೂಸುಗಳು ದೊಡ್ಡವರಾಗಿ, ನಡುವಯಸ್ಸಿಗೆ ಬಂದ ಮೇಲೆ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಶೇ. 11, ಮೂರು ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಶೇ. 3. ಬಸುರಿಯ ತಟ್ಟೆಯಲ್ಲಿ ಎಷ್ಟಿತ್ತು ಎಂಬುದೂ ಐವತ್ತು ವರ್ಷದ ನಂತರದ ಎದೆನೋವಿನಲ್ಲಿ ಸೇರಿರುತ್ತದೆ ಎಂಬ ಅನುಮಾನಕ್ಕೆ ಇದು ಬಲ ಕೊಟ್ಟಿತು. ‘ಹಾರ್ಟು ನಮ್ಮ ವಂಶದ್ದು’ ಎಂಬ ಮನೆಯಲ್ಲಿ ವಂಶದ ಜೊತೆ ಬಡತನವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿರುವುದನ್ನು ಯಾವ ರಕ್ತಪರೀಕ್ಷೆ ಹೇಳೀತು?

‘ಇನ್ನಷ್ಟು ಡೇಟಾ ಬರಲಿ, ಎಲ್ಲ ಸರಿಹೋಗುತ್ತದೆ’ ಎನ್ನುವುದು ಎದುರು ಪಕ್ಷದ ಕೊನೆಯ ವಾದ. ಡೇಟಾ ಬಂದಾಗ ಏನಾಯಿತು ಎಂಬುದಕ್ಕೆ ಎತ್ತರದ ಲೆಕ್ಕವೇ ಸಾಕ್ಷಿ. 54 ಲಕ್ಷ ಜನರಿಂದ ಕಟ್ಟಿದ ಆ ಗುರುತುಗಳು ಯುರೋಪ್ ಮೂಲದವರ ಎತ್ತರದ ಏರುಪೇರಿನಲ್ಲಿ ಶೇ. 40ರಷ್ಟನ್ನು ಹಿಡಿಯುತ್ತವೆ; ಬೇರೆ ಮೂಲದವರಲ್ಲಿ ಅದು 10ರಿಂದ 20ರ ಆಸುಪಾಸಿಗೆ ಕುಸಿಯುತ್ತದೆ. ಕಾರಣ ಗುಟ್ಟಿನದ್ದೇನಲ್ಲ. ಅಂಥ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಸುಮಾರು ಶೇ. 79 ಮಂದಿ ಯುರೋಪ್ ಮೂಲದವರೇ ಎಂದು 2019ರಲ್ಲಿ ಲೆಕ್ಕ ಹಾಕಲಾಗಿತ್ತು. ಅವರ ಅಳತೆಗೆ ಹೊಲಿದ ಪ್ಯಾಂಟು ಇಲ್ಲಿಯವರಿಗೆ ಕೂರುವುದಿಲ್ಲ. ಹಾಗಿದ್ದೂ ‘ನಿಮ್ಮ ಮಗುವಿನ ಭವಿಷ್ಯ ಜೀನಿನಲ್ಲಿ ನೋಡಿ’ ಎಂದು ಎಂಜಲು ತರಿಸಿಕೊಳ್ಳುವ ಕಂಪನಿಗಳಿಗೆ ಬೆಂಗಳೂರಿನಲ್ಲಿ ಗಿರಾಕಿಗಳಿಗೇನೂ ಬರವಿಲ್ಲ.

ತಳಿ ತಜ್ಞರು ತಾವಾಗಿ ಈ ಪಾಠ ಕಲಿತಿದ್ದಾರೆ ಎಂಬುದು ಇನ್ನೂ ಸ್ವಾರಸ್ಯ. 2001ರಲ್ಲಿ ಮ್ಯೂವಿಸೆನ್, ಹೇಯ್ಸ್, ಗೊಡಾರ್ಡ್ ಎಂಬ ಮೂವರು ಸೂಚಿಸಿದ ಜೀನೋಮಿಕ್ ಆಯ್ಕೆ ವಿಧಾನ ಹೈನು ದನಗಳಲ್ಲಿ ಗೆದ್ದು ಈಗ ಶೇಂಗಾಕ್ಕೂ ಬಂದಿದೆ. ಅದು ‘ಯಾವ ಜೀನ್?’ ಎಂದು ಕೇಳುವುದೇ ಇಲ್ಲ. ಸಾವಿರಾರು ಗುರುತುಗಳಿಗೂ ಚೂರು ಚೂರು ಅಂಕ ಕೊಟ್ಟು, ಒಟ್ಟು ಕೂಡಿ, ಯಾವ ಸಾಲು ಮುಂದೆ ಚೆನ್ನಾಗಿ ಬಂದೀತು ಎಂದು ಅಂದಾಜು ಮಾಡುತ್ತದೆ. ಅಂದರೆ ಬರದ ಜೀನಿಗೆ ಹೆಸರಿಡುವ ಆಸೆಯನ್ನು ಕೈಬಿಟ್ಟ ಮೇಲೆಯೇ ಅಂಕಿಶಾಸ್ತ್ರ ಕೆಲಸಕ್ಕೆ ಬಂತು. ವೇದಿಕೆಯ ಭಾಷಣ ಮಾತ್ರ ಇನ್ನೂ 1989ರಲ್ಲೇ ನಿಂತಿದೆ.

ಅನಂತಪುರದಲ್ಲಿ ನಿಜಕ್ಕೂ ಬದಲಾವಣೆ ತಂದದ್ದನ್ನು ಪಟ್ಟಿ ಮಾಡಿದರೆ ಈ ಭಾಷಣ ಇನ್ನೂ ಬಡವಾಗುತ್ತದೆ. ಐಸಿಜಿವಿ 91114 ಇಲ್ಲಿಗೆ ಬಂದದ್ದು ಯಾವ ನಕ್ಷೆಯಿಂದಲೂ ಅಲ್ಲ. 2000ದ ದಶಕದ ಆರಂಭದಲ್ಲಿ ಹಲವು ತಳಿಗಳನ್ನು ರೈತರ ಹೊಲಗಳಲ್ಲೇ, ರೈತರ ಕೈಯಲ್ಲೇ ಬಿತ್ತಿಸಿ, ಅವರೇ ಆರಿಸಿದ್ದು. 2006ರ ಹೊತ್ತಿಗೆ ಬಿಡುಗಡೆಯಾಯಿತು. ನೂರು ದಿನದೊಳಗೆ ಮಾಗಿ, ಉತ್ತರೆ ಮಳೆಯ ಹಂಗಿನಿಂದ ಆದಷ್ಟು ತಪ್ಪಿಸಿಕೊಳ್ಳುವುದು ಅದರ ಗುಣ. ರೈತರು ಕಾಯಿಯ ಜೊತೆ ಹೊಟ್ಟನ್ನೂ ನೋಡಿದರು: ದನ ತಿನ್ನುತ್ತದೆಯೇ, ಹಾಲು ಕೊಡುತ್ತದೆಯೇ? ಸಂಶೋಧನಾ ಹಾಳೆಯ ‘ಬರ ಸಹಿಷ್ಣುತೆ’ ಎಂಬ ಕಾಲಮಿನಲ್ಲಿ ದನದ ಬಾಯಿ ಇರುವುದಿಲ್ಲ.

2000ನೇ ಇಸವಿಯ ಮಾತಂತೂ ಹಳಬರಿಗೆ ಇನ್ನೂ ಹಸಿ. ಆ ವರ್ಷ ಶೇಂಗಾದ ಕುಡಿ ಕಪ್ಪಾಗಿ, ಕಾಂಡ ಕೊಳೆತು ಹೊಲಕ್ಕೆ ಹೊಲವೇ ಸತ್ತವು. ಅನಂತಪುರ ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರು, ಅಂದಾಜು 300 ಕೋಟಿ ರೂಪಾಯಿ ನಷ್ಟ. ವೈರಾಣು ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ಟೊಬ್ಯಾಕೊ ಸ್ಟ್ರೀಕ್ ವೈರಸ್. ಅದರ ಮನೆ ಶೇಂಗಾ ಅಲ್ಲ, ಬದುವಿನ ಮೇಲೆ ಬಿಳಿ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ, ಊರವರ ಬಾಯಲ್ಲಿ ಕಾಂಗ್ರೆಸ್ ಗಿಡ. ಅದರ ಪರಾಗ ಗಾಳಿಯಲ್ಲಿ ತೇಲಿ ಬಂದು ಶೇಂಗಾ ಎಲೆಯ ಮೇಲೆ ಕೂರುತ್ತದೆ. ಥ್ರಿಪ್ಸ್ ಎಂಬ ನುಸಿ ಎಲೆ ಕೆರೆದಾಗ ಪರಾಗದೊಳಗಿನ ವೈರಾಣು ಗಾಯದಿಂದ ಒಳಹೊಗುತ್ತದೆ. ಶೇಂಗಾದ ವರ್ಣತಂತುಗಳನ್ನು ಎಷ್ಟು ಜಾಲಾಡಿದರೂ ಈ ಕಾರಣ ಸಿಗುತ್ತಿರಲಿಲ್ಲ. ಅದು ಬೇಲಿಯಾಚೆ ಇತ್ತು. ಹೂ ಬಿಡುವ ಮುಂಚೆ ಕಾಂಗ್ರೆಸ್ ಗಿಡ ಕೀಳುವುದು, ಹೊಲದ ಸುತ್ತ ಜೋಳ ಇಲ್ಲವೆ ಸಜ್ಜೆಯ ದಟ್ಟ ಸಾಲು ಬಿತ್ತಿ ಪರಾಗಕ್ಕೆ ಗೋಡೆ ಕಟ್ಟುವುದು: ಶಿಫಾರಸಾದ ಮದ್ದುಗಳಲ್ಲಿ ಮುಖ್ಯವಾದವು ಇವು.

ಇಂದಿಗೂ ರಾಯದುರ್ಗದಿಂದ ಕಣೇಕಲ್ ಕಡೆಗೆ ಮಳೆಗಾಲದಲ್ಲಿ ಹೊರಟರೆ ರಸ್ತೆಯ ಎರಡೂ ಮಗ್ಗುಲಲ್ಲಿ, ಸರ್ಕಾರಿ ಜಾಗ, ಪಾಳು ಹೊಲ, ಕಾಲುವೆ ದಂಡೆ ಎನ್ನದೆ, ಆ ಬಿಳಿ ಹೂ ಸೊಂಟದೆತ್ತರ ನಿಂತಿರುತ್ತದೆ. ತನ್ನ ಬದು ತಾನು ಕಿತ್ತ ರೈತನ ಹೊಲಕ್ಕೂ ರಸ್ತೆಯ ಪರಾಗ ಬರುತ್ತದೆ. ರಸ್ತೆ ಬದಿಯದ್ದನ್ನು ಕೀಳುವುದು ಯಾರ ಕೆಲಸ ಎಂದು ಕೇಳಿದರೆ ಪಂಚಾಯಿತಿ ರಸ್ತೆ ಇಲಾಖೆಯತ್ತ ಕೈ ತೋರಿಸುತ್ತದೆ, ರಸ್ತೆ ಇಲಾಖೆ ಪಂಚಾಯಿತಿಯತ್ತ.